ಒಂಬತ್ತು ಅಂಗಡಿ ಸಾಲಿನ ಡಾಕ್ಟರಮ್ಮ

ಅವರು ತೀರಿಕೊಂಡ ಸುದ್ದಿ ನನ್ನನ್ನು ಮುಟ್ಟಿದ್ದು ನಾಲ್ಕು ದಿನ ತಡವಾಗಿ. ಅಬುಧಾಬಿಯಲ್ಲಿರುವ ಅವರ ಮಗ ನನ್ನ ಹಳೆಯ ನಂಬರಿಗೆ ಮೆಸೇಜು ಹಾಕಿದ್ದ. ಆ ಸಿಮ್ಮು ಈಗ ಮಗಳ ಫೋನಿನಲ್ಲಿದೆ. ಅವಳು ನೋಡಿ, "ಪಪ್ಪಾ, ಯುವರ್ ಡಾಕ್ಟರ್ ಆಂಟಿ ಈಸ್ ನೋ ಮೋರ್" ಎಂದಳು. ಅಷ್ಟರಲ್ಲಿ ಅಂತ್ಯಕ್ರಿಯೆ ಮುಗಿದು, ಮಗ ಅಸ್ಥಿ ತೆಗೆದುಕೊಂಡು ಊರಿಗೆ ಹೋಗಿಯೂ ಆಗಿತ್ತು. ಇನ್ನು ಯಾರಿಗೆ ತಿಳಿಸಲಿ ಎಂದು ಕೂತು ಯೋಚಿಸಿದೆ. ನಮ್ಮ ಸಾಲಿನ ಅಂಗಡಿಯವರಲ್ಲಿ ಕೆಲವರು ಸತ್ತಿದ್ದಾರೆ, ಕೆಲವರು ತಮ್ಮ ತಮ್ಮ ದೇಶಕ್ಕೆ ಹೋಗಿದ್ದಾರೆ, ಉಳಿದವರ ನಂಬರಿಗೆ ಕರೆ ಹೋಗುವುದಿಲ್ಲ. ಆ ಸಾಲಿನಲ್ಲಿ ಕನ್ನಡ ಬರುತ್ತಿದ್ದದ್ದು ಡಾಕ್ಟರಮ್ಮನಿಗೆ ಮತ್ತು ನನಗೆ ಮಾತ್ರ. ಹಾಗಾಗಿ ಇದನ್ನು ಯಾರು ಓದಲಿ ಎಂದು ಬರೆಯುತ್ತಿದ್ದೇನೋ ನನಗೇ ಸರಿಯಾಗಿ ಗೊತ್ತಿಲ್ಲ.

ನಾನು ಕುಂದಾಪುರದ ಕಡೆಯವನು, ಫಾರ್ಮಸಿಸ್ಟ್. ಅವರು ವಿಜಯಪುರದವರು. ಊರಿನಲ್ಲೇ ಇದ್ದಿದ್ದರೆ ನಮ್ಮ ಭೇಟಿ ಆಗುತ್ತಿರಲಿಲ್ಲ. ದುಬೈಯ ಅಲ್ ಕುಸೈಸಿನಲ್ಲಿ, ಶಾರ್ಜಾ ಗಡಿಗೆ ತಾಗಿದಂತೆ, ಒಂಬತ್ತು ಅಂಗಡಿಗಳ ಒಂದು ಸಾಲಿತ್ತು. ಒಂದೇ ಅಂತಸ್ತು, ಮುಂದೆ ಉದ್ದಕ್ಕೂ ಕಮಾನುಗಳ ಜಗಲಿ, ಅದರಾಚೆ ಕಾರು ನಿಲ್ಲಿಸುವ ಬಯಲು. ಆ ಸಾಲಿನಲ್ಲಿ ಐದನೆಯದು ಅವರ ಕ್ಲಿನಿಕ್ಕು, ಆರನೆಯದು ನಾನು ಕೆಲಸಕ್ಕಿದ್ದ ಔಷಧದಂಗಡಿ. ನಡುವೆ ಒಂದು ತೆಳ್ಳಗಿನ ಗೋಡೆ. ಇಪ್ಪತ್ತೆರಡು ವರ್ಷ ನಾವು ಆ ಗೋಡೆಯ ಆಚೀಚೆ ಇದ್ದೆವು.

ನಾನು ಬರುವುದಕ್ಕೂ ಎಷ್ಟೋ ಮೊದಲೇ ಅವರು ಬಂದಿದ್ದರು. ಆಗ ಬಯಲಿನಾಚೆ ಬರೀ ಮರಳಂತೆ. ಗಾಳಿ ಬೀಸಿದ ಮರುದಿನ ಶಟರಿನ ಅಡಿಯಿಂದ ನುಗ್ಗಿದ ಮರಳನ್ನು ಬಕೆಟ್ಟಿನಲ್ಲಿ ತುಂಬಿ ಹೊರಗೆ ಹಾಕಿ, ಆಮೇಲೆ ರೋಗಿಗಳನ್ನು ಒಳಗೆ ಕರೆಯುತ್ತಿದ್ದರಂತೆ. ಸಾಲನ್ನು ಕಟ್ಟಿಸಿದವನು ಒಬ್ಬ ವಯಸ್ಸಾದ ಅರಬ್ಬ. ಯಜಮಾನ ಎಂಬ ಅರ್ಥದಲ್ಲಿ ಎಲ್ಲರೂ ಅವನನ್ನು ಅರ್ಬಾಬ್ ಎನ್ನುತ್ತಿದ್ದರು. ಮೊದಲು ಬಂದದ್ದು ಕಿರಾಣಿ ಅಂಗಡಿ, ಮತ್ತೆ ಮಲಯಾಳಿಯ ಕೆಫೆಟೇರಿಯಾ, ಪಠಾಣನ ಲಾಂಡ್ರಿ, ಆಮೇಲೆ ಡಾಕ್ಟರಮ್ಮ. ಕೊನೆಯ ಅಂಗಡಿ ಮೊದಲು ವಿಡಿಯೊ ಕ್ಯಾಸೆಟ್ಟಿನದಾಗಿತ್ತು, ನಾನು ಬಂದಾಗ ಸಿ.ಡಿ.ಯದಾಗಿತ್ತು, ಮುಂದೆ ಮೊಬೈಲು ರಿಪೇರಿಯದಾಯಿತು, ಕೊನೆಗೆ ಏನೂ ಆಗದೆ ಬೀಗ ಬಿತ್ತು. ಸುತ್ತ ಕಟ್ಟಡಗಳೆದ್ದ ಕಾಲದಲ್ಲಿ ಶುಕ್ರವಾರ ಸಂಜೆ ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಊರಿಗೆ ಫೋನು ಮಾಡುವವರು, ಪ್ಯಾಂಟಿನ ಉದ್ದ ಕಡಿಮೆ ಮಾಡಿಸುವವರು, ಜ್ವರದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡವರು, ಸುಮ್ಮನೆ ಚಹಾ ಕುಡಿಯಲು ಬಂದವರು, ಎಲ್ಲ ಅಲ್ಲೇ.

ಡಾಕ್ಟರಮ್ಮ ಎತ್ತರದ, ಅಗಲ ಮೂಳೆಯ ಹೆಂಗಸು. ಕಾಟನ್ ಸೀರೆಯ ಮೇಲೆ ಬಿಳಿ ಕೋಟು, ಕಾಲಿಗೆ ಗಂಡಸರ ಓಟದ ಬೂಟು. ನಡೆದರೆ ಜಗಲಿಯ ಆ ತುದಿಗೆ ಕೇಳಿಸುತ್ತಿತ್ತು. ಅವರ ಹಿಂದಿ ಅರ್ಧ ಕನ್ನಡ. "ಕಲ್ ಸೇ ಜ್ವರಾ ಹೈ ಕ್ಯಾ? ಊಟಾ ಕಿಯಾ?" ಎಂದು ಕೇಳಿದರೆ ಬಂಗಾಲಿಯೂ ನೇಪಾಳಿಯೂ ತಡವರಿಸದೆ ಉತ್ತರ ಕೊಡುತ್ತಿದ್ದರು. ಲಾಂಡ್ರಿಯ ಪಠಾಣ, ನಾವು ಖಾನ್ ಭಾಯಿ ಎನ್ನುತ್ತಿದ್ದವನು, ಅವರಿಂದಲೇ ಕಲಿತು ಎಲ್ಲ ಮಾತಿಗೂ "ಆತ್ರಿ" ಎನ್ನುತ್ತಿದ್ದ. ಏನು ನೋವು ಎನ್ನುವುದಕ್ಕಿಂತ ಮೊದಲು ಏನು ತಿಂದೆ ಎಂದು ಕೇಳುವುದು ಅವರ ಪದ್ಧತಿ. ನಾನು ಬೇಕಾದಾಗ ಗೋಡೆಯನ್ನು ಮುಷ್ಟಿಯಿಂದ ಗುದ್ದುತ್ತಿದ್ದರು. ಒಂದು ಗುದ್ದಿಗೆ ನಾನು ಹೋಗಬೇಕು, ಎರಡು ಗುದ್ದಿಗೆ ಓಡಬೇಕು.

ಒಮ್ಮೆ ಜೆಬೆಲ್ ಅಲಿಯ ಕಾರ್ಮಿಕರ ಕ್ಯಾಂಪಿನಿಂದ ಒಬ್ಬ ಬಿಹಾರದ ಹುಡುಗ ಬಂದ. ತಾಯಿ ತೀರಿಕೊಂಡಿದ್ದಳು, ಅವನಿಗೆ ಊರಿಗೆ ಹೋಗಲು ಆಗಿರಲಿಲ್ಲ. ಕೆಲಸಕ್ಕೆ ಹೋಗುವ ಮನಸ್ಸಿಲ್ಲ, ಸಿಕ್ ಲೀವ್ ಬೇಕಿತ್ತು. ಹೊಟ್ಟೆನೋವು ಎಂದು ಬರೆದುಕೊಡಿ ಎಂದು ಕೇಳಿದ. ಸುಳ್ಳು ಬರೆಯುವುದಿಲ್ಲ ಎಂದು ಅವನನ್ನು ಬೈದರು. ಆಮೇಲೆ ಊಟ ಯಾವಾಗ ಮಾಡಿದೆ ಎಂದು ಕೇಳಿದರು. ಎರಡು ದಿನದಿಂದ ಮಾಡಿರಲಿಲ್ಲ. ಕೆಫೆಟೇರಿಯಾದಿಂದ ಇಡ್ಲಿ ತರಿಸಿ ಎದುರಿಗೇ ತಿನ್ನಿಸಿ, 'ಆಹಾರವಿಲ್ಲದೆ ನಿತ್ರಾಣ, ಮೂರು ದಿನ ವಿಶ್ರಾಂತಿ' ಎಂದು ಬರೆದು ಸೀಲು ಒತ್ತಿದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಉಂಡಿಲ್ಲ ಅನ್ನೂದು ಖರೆ ಅದಲ್ರಿ, ಔಷಧಿಯವರ?" ಎಂದರು. ನನ್ನನ್ನು ಅವರು ಕರೆಯುತ್ತಿದ್ದದ್ದು ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ಹೆಸರು ಹಿಡಿದು ಕರೆದದ್ದು ನೆನಪಿಲ್ಲ.

ಅರ್ಬಾಬ್‌ಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣಿಗೆ ವಾರಕ್ಕೆರಡು ಸಲ ಬರುತ್ತಿದ್ದ. ದೊಡ್ಡ ಆಸ್ಪತ್ರೆಗೆ ಹೋಗಬಹುದಾಗಿದ್ದವನು. ಆದರೆ ಅಲ್ಲಿ ತನ್ನನ್ನು ಬೈಯುವವರಿಲ್ಲ ಎಂದು ಇಲ್ಲಿಗೆ ಬರುತ್ತಿದ್ದ. ಅವನ ಉದ್ದ ಬಿಳಿ ನಿಲುವಂಗಿಯ, ಕಂದೂರದ, ಜೇಬಿನಲ್ಲಿ ಯಾವಾಗಲೂ ಖರ್ಜೂರ. ಡಾಕ್ಟರಮ್ಮ ಕೈ ಚಾಚಿ ನಿಲ್ಲುತ್ತಿದ್ದರು. ಅವನು ಶಾಲೆಯ ಮಗುವಿನ ಹಾಗೆ ಒಂದೊಂದಾಗಿ ತೆಗೆದು ಅವರ ಅಂಗೈಗೆ ಹಾಕುತ್ತಿದ್ದ. ಹುಣ್ಣು ವಾಸಿಯಾದ ದಿನ ಅವನು ಅರಬ್ಬಿಯಲ್ಲಿ ಒಂದು ಮಾತು ಹೇಳಿದ. ನಾನೇ ಅದನ್ನು ಅವರಿಗೆ ಕನ್ನಡದಲ್ಲಿ ಹೇಳಿದ್ದು: ನಾನಿರುವವರೆಗೆ ಈ ಬಾಗಿಲು ನಿನ್ನದು. ಅವರು ತುಂಬಾ ಸಂತೋಷಪಟ್ಟರು. ಆ ಮಾತಿನ ಮೊದಲರ್ಧವನ್ನು ಅವರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ.

ಅವರ ಒಂದು ದೌರ್ಬಲ್ಯವನ್ನೂ ಹೇಳಬೇಕು. ಏನೇ ಆದರೂ ಜನ ಮೊದಲು ತಮ್ಮ ಹತ್ತಿರ ಬರಬೇಕು ಎಂಬ ಹಟ ಅವರಿಗಿತ್ತು. "ಮೊದ್ಲ ನನ್ನ ಕಡೆ ಬರ್ರಿ. ಮುಂದ ಎಲ್ಲಿ ಹೋಗಬೇಕಂತ ನಾ ಹೇಳ್ತೀನಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅದರಲ್ಲಿ ಕಾಳಜಿಯೂ ಇತ್ತು. ದೊಡ್ಡ ಆಸ್ಪತ್ರೆಯಲ್ಲಿ ಭಾಷೆ ಬಾರದೆ ಯಾವ ಸಾಲಿನಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡುವವರನ್ನು ಅವರು ಕಂಡಿದ್ದರು. ಆದರೆ ಸ್ವಲ್ಪ ಗರ್ವವೂ ಇತ್ತು. ನನ್ನ ಹೆಂಡತಿ ಬಸುರಿಯಾದಾಗ ಅವರಿಗೆ ಹೇಳದೆ ನೇರ ಆಸ್ಪತ್ರೆಗೆ ಹೋದೆವೆಂದು ಎಂಟು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಒಂಬತ್ತನೇ ದಿನ ಗೋಡೆಗೆ ಒಂದು ಗುದ್ದು ಬಿತ್ತು. ಹೋದರೆ, "ಆಕಿಗೆ ಕಬ್ಬಿಣದ ಗುಳಗಿ ಕೊಟ್ಟಾರೇನು?" ಎಂದು ಕೇಳಿ ಮುಖ ತಿರುಗಿಸಿದರು.

ಸಾಲು ಸೊರಗತೊಡಗಿದ್ದು ಯಾವಾಗ ಎಂದು ಕರಾರುವಾಕ್ಕಾಗಿ ಹೇಳಲಾರೆ. ಎರಡು ಸಿಗ್ನಲ್ಲಿನಾಚೆ ದೊಡ್ಡ ಮಾಲ್ ಬಂತು. ನಮ್ಮ ಬಯಲಿನಲ್ಲಿ ಪಾರ್ಕಿಂಗ್ ಮೀಟರು ನೆಟ್ಟರು. ಸಾಮಾನು ಫೋನಿನಲ್ಲೇ ಆರ್ಡರ್ ಮಾಡುವ ಕಾಲ ಬಂತು. ಎಲ್ಲರ ಕೈಗೂ ಇನ್ಶೂರೆನ್ಸ್ ಕಾರ್ಡು ಬಂತು, ಆ ಕಾರ್ಡುಗಳು ನಡೆಯುವ ಪಟ್ಟಿಯಲ್ಲಿ ಅವರ ಒಂದು ಕೋಣೆಯ ಕ್ಲಿನಿಕ್ಕು ಇರಲಿಲ್ಲ. ಸ್ಟೇಷನರಿ ಅಂಗಡಿ ಮೊದಲು ಮುಚ್ಚಿತು, ಆಮೇಲೆ ದರ್ಜಿಯದು. ಜೆಬೆಲ್ ಅಲಿಯಲ್ಲಿ ಇಂಜಿನಿಯರಾಗಿದ್ದ ಡಾಕ್ಟರಮ್ಮನ ಗಂಡ ತೀರಿಕೊಂಡದ್ದೂ ಆ ಕಾಲದಲ್ಲೇ. ಮಗ ಅಬುಧಾಬಿಗೆ ಕರೆದ. ಅವರು ಹೋಗಲಿಲ್ಲ. ಹಳೆಯ ರೋಗಿಗಳು, ಕೆಲಸದಾಳುಗಳು, ಡಾಕ್ಟರಮ್ಮನನ್ನು ಬಿಟ್ಟರೆ ಬೇರೆಯವರ ಮುಂದೆ ಬಾಯಿ ಬಿಡದ ಮುದುಕಿಯರು ಇನ್ನೂ ಬರುತ್ತಿದ್ದರು.

ಅರ್ಬಾಬ್ ಸತ್ತು ಎರಡು ವರ್ಷಕ್ಕೆ ಒಂಬತ್ತೂ ಶಟರುಗಳ ಮೇಲೆ ಒಂದೇ ದಿನ ನೋಟಿಸು ಅಂಟಿಸಿದರು. ಒಂದು ವರ್ಷದೊಳಗೆ ಖಾಲಿ ಮಾಡಬೇಕು, ಆ ಜಾಗದಲ್ಲಿ ಹೊಸ ಕಟ್ಟಡ ಬರುತ್ತದೆ. ಡಾಕ್ಟರಮ್ಮ ಅದನ್ನು ಓದಿ ನಕ್ಕರು. ಅರ್ಬಾಬ್‌ನ ಮಗನನ್ನು ಕಂಡು ಮಾತಾಡಿದರೆ ಆಯಿತು, ಅವನು ಚಿಕ್ಕವನಿದ್ದಾಗ ಇಂಜೆಕ್ಷನ್ ಕೊಟ್ಟ ಕೈ ಇದು ಎಂದರು. ಅರಬ್ಬಿ ಬರುತ್ತದೆಂದು ನನ್ನನ್ನೂ ಕರೆದುಕೊಂಡು ಹೋದರು.

ಅವನ ಆಫೀಸು ಜುಮೇರಾ ಲೇಕ್ ಟವರ್ಸಿನಲ್ಲಿ, ಎತ್ತರದ ಮಹಡಿಯಲ್ಲಿ. ನನ್ನ ಅರಬ್ಬಿ ಬೇಕಾಗಲೇ ಇಲ್ಲ. ಅವನದು ಅಮೆರಿಕದವರಂಥ ಇಂಗ್ಲಿಷು. ಡಾಕ್ಟರಮ್ಮ ಒಳಗೆ ಬರುತ್ತಿದ್ದಂತೆ ಎದ್ದು ನಿಂತ. ತಾನೇ ಗಹ್ವಾ, ಅವರ ಅರಬ್ಬಿ ಕಾಫಿ, ಬಗ್ಗಿಸಿ ಕೊಟ್ಟ. ಇಂಜೆಕ್ಷನ್ ನೆನಪಿದೆ ಎಂದು ನಕ್ಕ. ತಂದೆ ಕೊಟ್ಟ ಮಾತನ್ನೂ ತಲೆ ಬಗ್ಗಿಸಿ ಕೇಳಿದ. ಆಮೇಲೆ ನಿಧಾನವಾಗಿ ಹೇಳಿದ: ಜಾಗ ಈಗ ಕಂಪನಿಯ ಹೆಸರಿನಲ್ಲಿದೆ, ಅಕ್ಕತಂಗಿಯರು, ಚಿಕ್ಕಪ್ಪಂದಿರು ಎಲ್ಲ ಪಾಲುದಾರರು, ತೀರ್ಮಾನ ಬೋರ್ಡಿನದು, ತಾನೊಬ್ಬ ಸದಸ್ಯ ಮಾತ್ರ. ಹೊಸ ಕಟ್ಟಡದ ಚಿತ್ರ ತೋರಿಸಿದ. ಕೆಳಗಿನ ಅಂತಸ್ತಿನಲ್ಲಿ ಮೆಡಿಕಲ್ ಸೆಂಟರ್ ಎಂದು ಬರೆದಿತ್ತು. ಅಲ್ಲಿ ತಮಗೊಂದು ಕೋಣೆ ಸಿಗಬಹುದೇ ಎಂದು ಡಾಕ್ಟರಮ್ಮ ಕೇಳಿದರು. ಆ ಅಂತಸ್ತನ್ನು ಪೂರ್ತಿ ಒಂದು ಆಸ್ಪತ್ರೆಯವರು ತೆಗೆದುಕೊಂಡಿದ್ದಾರೆ ಎಂದ. ಲಿಫ್ಟಿನವರೆಗೆ ಬಂದು, ಎದೆಯ ಮೇಲೆ ಕೈಯಿಟ್ಟು ಬೀಳ್ಕೊಟ್ಟ.

ಮೆಟ್ರೊ ಹಿಡಿದು ವಾಪಸು ಹೊರಟೆವು. ಎಷ್ಟೋ ಸ್ಟೇಷನ್ ದಾಟಿದ ಮೇಲೆ, "ಜಗಳಾಡಬೇಕಂದ್ರ ಎದುರಿಗೊಬ್ಬ ಮನುಷ್ಯಾ ಬೇಕಲ್ರಿ," ಎಂದರು. "ಅಲ್ಲಿ ಯಾರಿದ್ರು ಹೇಳ್ರಿ?"

ಅವನು ಗದರಿದ್ದರೆ, ಅವಮಾನ ಮಾಡಿದ್ದರೆ ಅವರು ಅಲ್ಲೇ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದರು. ಅಷ್ಟು ಮರ್ಯಾದೆ ಕೊಟ್ಟವನಿಗೆ ಏನೆಂದು ಹೇಳುವುದು.

ಆ ವರ್ಷವೆಲ್ಲ ಅವರು ಬೇರೆ ಕ್ಲಿನಿಕ್ಕುಗಳನ್ನು ವಿಚಾರಿಸಿದರು. ಎಲ್ಲ ಕಡೆಯೂ ಮರ್ಯಾದೆಯೇ ಸಿಕ್ಕಿತು. ನಿಮ್ಮಂಥ ಅನುಭವಿಗಳು ಅಪರೂಪ ಎಂದು ಹೇಳಿ, ವಯಸ್ಸು ಕೇಳಿ, ತಿಳಿಸುತ್ತೇವೆ ಎಂದು ಕಳಿಸಿದರು. ಇಲ್ಲಿ ವೈದ್ಯರ ಪರವಾನಗಿ ಒಂದು ಆಸ್ಪತ್ರೆಗೋ ಕ್ಲಿನಿಕ್ಕಿಗೋ ಅಂಟಿಕೊಂಡಿರಬೇಕು. ಕ್ಲಿನಿಕ್ಕಿನ ಲೈಸೆನ್ಸು ರದ್ದಾದ ದಿನ ಅವರು ಕಾನೂನಿನ ಪ್ರಕಾರ ಯಾರಿಗೂ ಔಷಧಿ ಬರೆಯುವ ಹಾಗಿರಲಿಲ್ಲ. ಆ ದಿನ ಬಂದಾಗ ಬೋರ್ಡು ಇಳಿಸಿದರು. ಮಂಚ, ಸ್ಟೆರಿಲೈಜರು, ಇ.ಸಿ.ಜಿ. ಮಷೀನು ಎಲ್ಲ ಅಜ್ಮಾನಿನ ಒಬ್ಬ ಡಾಕ್ಟರಿಗೆ ಹೋಯಿತು. ರೋಗಿಗಳ ಫೈಲುಗಳನ್ನು ಕಟ್ಟುವುದು ಮಾತ್ರ ಬಾಕಿ ಇತ್ತು. ನನ್ನ ಅಂಗಡಿಯ ದಾಸ್ತಾನನ್ನೂ ಡಬ್ಬಗಳಲ್ಲಿ ಸೀಲು ಮಾಡಿ ಕಂಪನಿಯವರು ಒಯ್ದಿದ್ದರು. ಕಪಾಟು ಬಿಚ್ಚುವವರಿಗಾಗಿ ನಾನು ಕಾಯುತ್ತಿದ್ದೆ. ಖಾನ್ ಭಾಯಿಯ ಲಾಂಡ್ರಿ ಎರಡು ತಿಂಗಳ ಹಿಂದೆಯೇ ಮುಚ್ಚಿ, ಅವನು ಮುಹೈಸ್ನಾದ ಯಾವುದೋ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದ್ದ.

ಮಷೀನು ಹೋಗಿ ಎರಡು ದಿನವಾಗಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತು. ಬಯಲಿಗೆ ಒಂದು ಟ್ಯಾಕ್ಸಿ ಬಂದು ನಿಂತಿತು. ಖಾನ್ ಭಾಯಿ ಇಳಿದ. ಅಂಗಿ ಮೈಗೆ ಅಂಟುವಷ್ಟು ಬೆವತಿದ್ದ. ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು, ಜಗಲಿಯ ಕಂಬಕ್ಕೆ ಒರಗಿ, ಕ್ಲಿನಿಕ್ಕಿನ ಅರ್ಧ ತೆರೆದ ಶಟರಿನ ಕಡೆ ನೋಡುತ್ತ ನಿಂತ. ನಾನು ಅವನನ್ನು ಹಿಡಿದುಕೊಳ್ಳುವಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದಿದ್ದರು. ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು.

ಮಂಚವಿರಲಿಲ್ಲ. ರಟ್ಟಿನ ಡಬ್ಬಗಳನ್ನು ಹರಿದು ನೆಲಕ್ಕೆ ಹಾಸಿದೆವು. ಆಂಬುಲೆನ್ಸಿಗೆ ಫೋನು ಮಾಡಿ ಎಂದರು, ಮಾಡಿದೆ. ಅಷ್ಟರಲ್ಲಿ ತಮ್ಮ ಕೈಚೀಲ ತಡಕಾಡಿ ಒಂದು ಆಸ್ಪಿರಿನ್ ತೆಗೆದು ಅವನಿಗೆ ಅಗಿಯಲು ಹೇಳಿದರು. ಆಮೇಲೆ ಅಭ್ಯಾಸಬಲದಿಂದ ಎದ್ದು ಮಷೀನು ಇರುತ್ತಿದ್ದ ಮೂಲೆಗೆ ಹೋದರು. ಅಲ್ಲಿ ಗೋಡೆಯ ಮೇಲೆ ಪ್ಲಗ್ಗು ಮಾತ್ರ ಇತ್ತು. ಒಂದು ಕ್ಷಣ ಅದನ್ನೇ ನೋಡಿ ತಿರುಗಿ ಬಂದು ನೆಲದ ಮೇಲೆ ಕೂತರು. ಇಪ್ಪತ್ತೆರಡು ವರ್ಷದಲ್ಲಿ ಅವರು ನೆಲದ ಮೇಲೆ ಕೂತದ್ದನ್ನು ನಾನು ನೋಡಿರಲಿಲ್ಲ. ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

ಖಾನ್ ಭಾಯಿಯ ಮುಖದಲ್ಲಿ ಹೆದರಿಕೆ ಇರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. "ಬಸ್, ಡಾಕ್ಟರ್ ಸಾಬ್," ಎಂದ, "ಆಪ್ ಕೇ ಪಾಸ್ ಪಹುಂಚ್ ಗಯಾ." ನಿಮ್ಮ ಹತ್ತಿರ ತಲುಪಿದೆನಲ್ಲ, ಇನ್ನೇನಿಲ್ಲ ಎನ್ನುವ ಹಾಗೆ ಕಣ್ಣು ಮುಚ್ಚಿದ.

ಆಂಬುಲೆನ್ಸು ಬೇಗನೇ ಬಂತು. ಬಂದವರು ಚುರುಕಿನವರು. ಡಾಕ್ಟರಮ್ಮ ಅವರಿಗೆ ಅವನ ವಯಸ್ಸು, ಬಿ.ಪಿ., ಹತ್ತು ವರ್ಷದಿಂದ ನುಂಗುತ್ತಿದ್ದ ಗುಳಿಗೆ, ನೋವು ಶುರುವಾದ ಹೊತ್ತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅವರಲ್ಲೊಬ್ಬ ತರುಣ ಬರೆದುಕೊಳ್ಳುತ್ತ, ನೀವು ಇವರ ಡಾಕ್ಟರೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಐ ವಾಸ್," ಎಂದರು ಡಾಕ್ಟರಮ್ಮ.

ಮಧ್ಯಾಹ್ನ ಎರಡು ಗಂಟೆಗೆ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಶವವನ್ನು ಪೇಶಾವರಕ್ಕೆ ಕಳಿಸಿದರು.

ಎರಡು ದಿನ ಅವರು ಸಾಲಿನ ಕಡೆ ಬರಲಿಲ್ಲ. ಮೂರನೇ ದಿನ ಬಂದವರು, ಕೂರದೆ, ಆ ಟ್ಯಾಕ್ಸಿ ಯಾವ ದಾರಿಯಲ್ಲಿ ಬಂದಿತ್ತು ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಗೊತ್ತಿತ್ತು. ಮುಹೈಸ್ನಾದಿಂದ ನಮ್ಮಲ್ಲಿಗೆ ಬರಲು ಇದ್ದದ್ದು ಒಂದೇ ಸರಿಯಾದ ದಾರಿ. ಅವರೇ ಹೊರಗೆ ಹೋಗಿ ಟ್ಯಾಕ್ಸಿ ಹಿಡಿದರು. ಖಾನ್ ಭಾಯಿಯ ರೂಮಿನವರೆಗೆ ಹೋಗಿ, ಅಲ್ಲಿ ಇಳಿಯದೆ, ಅದೇ ಟ್ಯಾಕ್ಸಿಯಲ್ಲಿ ಅವನು ಬಂದಿದ್ದ ದಾರಿಯಲ್ಲಿ ವಾಪಸು ಬಂದರು. ಬಂದು ನನ್ನ ಖಾಲಿ ಅಂಗಡಿಯ ಸ್ಟೂಲಿನ ಮೇಲೆ ಕೂತರು.

"ಒಂದು ದವಾಖಾನಿ ದಾಟಿ ಬಂದಾನ್ರಿ," ಎಂದರು. "ಎಮರ್ಜೆನ್ಸಿ ಅಂತ ಕೆಂಪು ಅಕ್ಷರದಾಗ ಬರದಾರ. ರೋಡಿಗೆ ಹತ್ತಿ ಅದ. ಅವನಿಗೆ ಓದಾಕ ಬರ್ತಿದ್ದಿಲ್ಲ. ಬಂದಿದ್ರೂ ನಿಲ್ತಿದ್ದಿಲ್ಲ."

ನಾನು ಸಮಾಧಾನ ಹೇಳಲು ನೋಡಿದೆ. ಅಂಥ ಅಟ್ಯಾಕಿಗೆ ಮಷೀನು ಇದ್ದರೂ ನಾವೆಂತ ಮಾಡ್ಲಿಕ್ಕೆ ಆಗ್ತಿತ್ತು ಮೇಡಂ, ಎಂದೆ. ಅಲ್ಲಿಗೇ ಹೋಗಿದ್ದರೂ ಉಳಿಯುತ್ತಿದ್ದ ಅಂತ ಯಾರು ಹೇಳ್ತಾರೆ, ಎಂದೆ.

"ಅದು ನಿಮಗ ಗೊತ್ತು, ನನಗ ಗೊತ್ತು. ಅವನಿಗೆ ಗೊತ್ತಿತ್ತೇನು?" ಎಂದರು. "ಮೊದ್ಲ ನನ್ನ ಕಡೆ ಬರ್ರಿ ಅಂತ ಹೇಳಿದಾಕಿ ನಾನ. ಇಪ್ಪತ್ತೈದು ವರ್ಷ ಹೇಳಿ ಹೇಳಿ ಅವನ ತಲ್ಯಾಗ ತುಂಬಿದಾಕಿ ನಾನ."

ಅವರು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಫೈಲುಗಳ ಡಬ್ಬಗಳನ್ನು ಬಿಚ್ಚಲು ಶುರು ಮಾಡಿದರು. ಅವರ ಕ್ಲಿನಿಕ್ಕಿನ ಕರೆಂಟು ತೆಗೆದಿದ್ದರು, ನನ್ನಲ್ಲಿ ಇನ್ನೂ ಫ್ಯಾನು ತಿರುಗುತ್ತಿತ್ತು. ಡಬ್ಬಗಳನ್ನೆಲ್ಲ ಇಲ್ಲಿಗೇ ತಂದು, ಸ್ಟೂಲಿನ ಮೇಲೆ ಕೂತು, ಒಂದೊಂದೇ ಫೈಲು ತೆಗೆದು ಅದರ ಮೇಲಿನ ನಂಬರಿಗೆ ಫೋನು ಮಾಡತೊಡಗಿದರು. ಹೇಳುವ ಮಾತು ಇಷ್ಟೇ: ಕ್ಲಿನಿಕ್ ಬಂದಾಗಿದೆ, ನನ್ನ ಹತ್ತಿರ ಬರಬೇಡಿ, ಏನಾದರೂ ಆದರೆ ನೇರ ಆಸ್ಪತ್ರೆಗೆ ಹೋಗಿ.

ಹೆಚ್ಚಿನ ನಂಬರುಗಳು ಇರಲೇ ಇಲ್ಲ. ಕೆಲವು ಬೇರೆ ಯಾರಿಗೋ ಹೋಗಿದ್ದವು, ಅವರು ಬೈದು ಇಟ್ಟರು. ಸಿಕ್ಕವರಲ್ಲಿ ಅನೇಕರು ಈ ದೇಶದಲ್ಲೇ ಇರಲಿಲ್ಲ. ಕಾಸರಗೋಡಿನ ಒಬ್ಬ ಮುದುಕ, ತನ್ನ ಆರೋಗ್ಯ ವಿಚಾರಿಸಲು ಡಾಕ್ಟರ್ ದುಬೈಯಿಂದ ಫೋನು ಮಾಡಿದ್ದಾರೆಂದು ತಿಳಿದು, ಮನೆಯವರನ್ನೆಲ್ಲ ಕೂಗಿ ಕರೆದು, ಒಬ್ಬೊಬ್ಬರ ಕೈಗೂ ಫೋನು ಕೊಟ್ಟ. ಅವನಿಗೆ ಬರಬೇಡ ಎಂದು ಹೇಳುವ ಅಗತ್ಯವೇ ಇರಲಿಲ್ಲ. ಕೆಲವರು ಕಾಲುನೋವು, ಕೆಮ್ಮು ಎಂದು ಅಲ್ಲೇ ಶುರು ಮಾಡುತ್ತಿದ್ದರು. ಡಾಕ್ಟರಮ್ಮ ಅದನ್ನು ವಿಚಾರಿಸುತ್ತಿರಲಿಲ್ಲ. "ನಾ ಈಗ ಡಾಕ್ಟರ್ ಅಲ್ರಿ" ಎಂದು ಹಿಂದಿಯಲ್ಲೋ ಕನ್ನಡದಲ್ಲೋ ಹೇಳಿ ಇಟ್ಟುಬಿಡುತ್ತಿದ್ದರು. ಒಬ್ಬ ಹೆಂಗಸು ಮಾತ್ರ, ಮನೆಗೆಲಸದವಳು, ಹಾಗಾದರೆ ನಾನು ಯಾರ ಹತ್ತಿರ ಹೋಗಲಿ ಎಂದು ಕೇಳಿದಳು. ಆಸ್ಪತ್ರೆಯ ಹೆಸರು ಹೇಳಿದರು. ಅಲ್ಲಿ ನನ್ನ ಕಾರ್ಡು ನಡೆಯುವುದಿಲ್ಲ ಎಂದಳು. ಇನ್ನೊಂದು ಹೇಳಿದರು. ಅಲ್ಲಿಯೂ ಇಲ್ಲ ಎಂದಳು. ಡಾಕ್ಟರಮ್ಮ ಫೋನು ಕಿವಿಗೆ ಹಿಡಿದುಕೊಂಡೇ ಕೂತರು. ಆ ಕಡೆಯಿಂದ ಅವಳೇ, ಆಯ್ತು ಮೇಡಂ, ನೀವು ಬೇಜಾರು ಮಾಡಿಕೊಳ್ಳಬೇಡಿ ಎಂದು ಇಟ್ಟಳು.

ಫೋನಿಗೆ ಸಿಗದವರು ಬಂದುಬಿಟ್ಟರೆ? ಅದಕ್ಕೆ ಅವರು ಶಟರಿನ ಮೇಲೆ ನಾಲ್ಕು ಭಾಷೆಯಲ್ಲಿ ಚೀಟಿ ಅಂಟಿಸಿದರು. ಆದರೆ ಬರುವವರು ಓದಿ ಬರುವವರಲ್ಲ, ಅವರನ್ನು ನೋಡಿ ಬರುವವರು. ಕೊನೆಗೆ ತಾವೇ ಬಂದು ನಿಲ್ಲತೊಡಗಿದರು. ಜೂನ್ ತಿಂಗಳು. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ, ಕ್ಲಿನಿಕ್ಕಿನ ಹೊತ್ತಿನಲ್ಲಿ, ಮುಚ್ಚಿದ ಶಟರಿನ ಮುಂದೆ, ಅದೇ ಬೂಟು ಹಾಕಿಕೊಂಡು. ಬಿಳಿ ಕೋಟು ಇರಲಿಲ್ಲ. ಯಾರಾದರೂ ಬಂದರೆ ಇಲ್ಲ ಎಂದು ಹೇಳಿ, ಟ್ಯಾಕ್ಸಿ ಹತ್ತಿಸಿ ಆಸ್ಪತ್ರೆಗೆ ಕಳಿಸುತ್ತಿದ್ದರು. ಆ ಸೆಕೆಯಲ್ಲಿ ನಿಲ್ಲಬೇಡಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮಗನಿಗೆ ಫೋನು ಮಾಡಿದೆ. ಅವನು ಶನಿವಾರ ಬಂದು, ತಾಯಿಯ ಪಕ್ಕದಲ್ಲಿ ಅರ್ಧ ದಿನ ತಾನೂ ನಿಂತು, ವಾಪಸು ಹೋದ.

ಎರಡು ವಾರ ಕಳೆದ ಮೇಲೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಬರುವವರ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಒಂದು ಬೆಳಿಗ್ಗೆ ಜಗಲಿಯಲ್ಲಿ ಏಳೆಂಟು ಜನ ಸೇರಿದ್ದರು. ಒಬ್ಬನನ್ನು ಕೇಳಿದೆ. ಡಾಕ್ಟರ್ ಈಗ ಹೊರಗೇ ನಿಂತು ನೋಡುತ್ತಾರಂತೆ, ಸರಿಯಾದ ಆಸ್ಪತ್ರೆಗೆ ಟ್ಯಾಕ್ಸಿ ಹತ್ತಿಸುತ್ತಾರಂತೆ ಎಂದು ಕ್ಯಾಂಪಿನಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ. ಎದೆನೋವಿನವರೂ ಮೊದಲು ಇಲ್ಲಿಗೆ ಬಂದು, ಅವರು ಹೇಳಿದ ಮೇಲೆ ಮುಂದಕ್ಕೆ ಹೋಗುತ್ತಿದ್ದರು.

ಅದನ್ನು ಅವರಿಗೆ ಹೇಳಬೇಕೋ ಬೇಡವೋ ಎಂದು ಒಂದು ದಿನ ತಡೆದೆ. ಮರುದಿನ ಹೇಳಿದೆ. ಅವರು ಜಗಲಿಯ ಕಡೆ ನೋಡಿದರು. ಕಾಯುತ್ತ ಕೂತಿದ್ದವರಲ್ಲಿ ಒಬ್ಬ ಅವರನ್ನು ಕಂಡು ಎದ್ದು ಸಲಾಮು ಮಾಡಿದ.

"ನಿಂತ್ರೂ ತಪ್ಪು, ಹೋದ್ರೂ ತಪ್ಪು," ಎಂದರು. "ಏನ್ ಮಾಡ್ಲಿ ಹೇಳ್ರಿ, ಔಷಧಿಯವರ. ನೀವ ಹೇಳ್ರಿ, ಹಂಗ ಮಾಡ್ತೀನಿ."

ಅಷ್ಟು ವರ್ಷದಲ್ಲಿ ಅವರು ನನ್ನನ್ನು ಸಲಹೆ ಕೇಳಿದ್ದು ಅದೊಂದೇ ಸಲ. ನಾನು ಹೇಳಲಿಲ್ಲ. ಅವತ್ತು ಅಲ್ಲಿದ್ದವರನ್ನೆಲ್ಲ ಕಳಿಸಿ, ನನಗೂ ಹೇಳದೆ, ಟ್ಯಾಕ್ಸಿ ಹತ್ತಿ ಹೋದರು. ಮತ್ತೆ ಬರಲಿಲ್ಲ. ಹತ್ತು ದಿನ ಜನ ಬಂದು ನೋಡಿ ಹೋಗುತ್ತಿದ್ದರು. ಆಮೇಲೆ ಸಾಲಿನ ಸುತ್ತ ತಗಡಿನ ಬೇಲಿ ಬಂತು. ಸಾಲನ್ನು ಕೆಡವಲು ಎರಡು ದಿನವೂ ಹಿಡಿಯಲಿಲ್ಲ ಎಂದು ಎದುರು ಕಟ್ಟಡದ ವಾಚ್‌ಮನ್ ಹೇಳಿದ. ನಾನು ನೋಡಲು ಹೋಗಿರಲಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಹೋದ ಚಳಿಗಾಲದಲ್ಲಿ, ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ, ಮಗನ ಮನೆಯಲ್ಲಿ. ಮೂವತ್ತೊಂದನೇ ಮಹಡಿ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು, ಮೊಮ್ಮಕ್ಕಳು ಶಾಲೆಗೆ. ದುಬೈಯ ಕರಾಮಾದಿಂದ ಜೋಳದ ಹಿಟ್ಟು ಒಯ್ದಿದ್ದೆ. ತೂಕ ಇಳಿದಿತ್ತು, ಮಾತು ಮಾತ್ರ ಹಾಗೇ ಇತ್ತು. ಸಾಲಿನ ಒಬ್ಬೊಬ್ಬರನ್ನೂ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದವರ ಬಗ್ಗೆ ಚೆನ್ನಾಗಿದ್ದಾರಂತೆ ಎಂದೆ. ಖಾನ್ ಭಾಯಿಯ ಹೆಸರು ಇಬ್ಬರೂ ಎತ್ತಲಿಲ್ಲ.

ಚಹಾ ಕುಡಿಯುತ್ತಿದ್ದಾಗ ಬೆಲ್ಲು ಆಯಿತು. ಪಕ್ಕದ ಫ್ಲಾಟಿನ ಹೆಂಗಸು, ಇನ್ನೂ ಚಿಕ್ಕ ವಯಸ್ಸು, ವರ್ಷದ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮಗುವಿನ ಕೆನ್ನೆ ಕೆಂಪಾಗಿತ್ತು, ಮೂಗು ಸೋರುತ್ತಿತ್ತು. ನೀವು ಡಾಕ್ಟರಂತೆ ಆಂಟಿ, ರಾತ್ರಿಯಿಂದ ಜ್ವರ, ಸ್ವಲ್ಪ ನೋಡುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಡಾಕ್ಟರಮ್ಮ ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. ನನಗೆ ಗೊತ್ತಾಗುವುದಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದರು. ಅವಳು ಇನ್ನೊಮ್ಮೆ ಕೇಳಿದಳು. ಅವರು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು. ಹುಡುಗಿಯ ಮುಖ ಸಣ್ಣದಾಯಿತು. ಸಾರಿ ಎಂದು ಹೋದಳು.

ಬಾಗಿಲು ಮುಚ್ಚಿ ಅವರು ಅಲ್ಲೇ ನಿಂತರು. ಹೊರಗೆ ಲಿಫ್ಟು ಬಂದು ನಿಂತ ಸದ್ದು, ಮತ್ತೆ ಇಳಿದು ಹೋದ ಸದ್ದು ಕೇಳಿದ ಮೇಲೆ ನನ್ನ ಕಡೆ ತಿರುಗಿದರು.

"ಬರೇ ನೆಗಡಿ ಜ್ವರಾರೀ ಅದು. ಎರಡು ದಿನದಾಗ ತಾನ ಹೋಗ್ತದ. ಕೂಸು ನನ್ನ ನೋಡಿ ನಗಲಾಕತ್ತಿತ್ತು, ನೋಡಿದ್ರಿಲ್ಲೋ?"

ಅಷ್ಟಾದರೂ ಹೇಳಿ ಕಳಿಸಬಹುದಿತ್ತಲ್ಲ ಮೇಡಂ, ಪಾಪ, ಹೆದರಿದ್ದಾಳೆ, ಎಂದೆ.

"ಹೇಳಿದ್ರ ನಾಳೆ ಮತ್ತ ಬರ್ತಾಳ್ರಿ," ಎಂದರು. ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಕೈಯಿಂದ ಒತ್ತಿ ನೋಡಿ, ಬಂದು ಕೂತರು.